ಹೆರಿಗೆ ಮನೆಯಲ್ಲಿ, ಆಸ್ಪತ್ರೆ ಕೈಯಳತೆಯಲ್ಲಿ: ಡಚ್ ಸೂಲಗಿತ್ತಿಯರ ಕಸುಬು

ನೆದರ್‌ಲೆಂಡ್ಸ್‌ನಲ್ಲಿ ಬಸುರಿ ಹೆಂಗಸು ಮೊದಲು ಕಾಣುವುದು ಡಾಕ್ಟರನ್ನಲ್ಲ, ಸೂಲಗಿತ್ತಿಯನ್ನು. ಮುಟ್ಟು ನಿಂತು ಎರಡು ತಿಂಗಳಾಗುವ ಹೊತ್ತಿಗೆ ಆಕೆ ತನ್ನ ಬಡಾವಣೆಯ ಸೂಲಗಿತ್ತಿಯರ ಕಚೇರಿಗೆ ಫೋನ್ ಮಾಡಿ ಹೆಸರು ಬರೆಸುತ್ತಾಳೆ. ಅದಕ್ಕೆ ಯಾವ ವೈದ್ಯರ ಚೀಟಿಯೂ ಬೇಕಿಲ್ಲ. ಈ ಸೂಲಗಿತ್ತಿಯರಲ್ಲಿ ಹೆಚ್ಚಿನವರು ಆಸ್ಪತ್ರೆಯ ನೌಕರರಲ್ಲ, ವೈದ್ಯರ ಕೈಕೆಳಗಿನವರೂ ಅಲ್ಲ. ನಾಲ್ಕು ವರ್ಷದ ಪದವಿ ಓದಿ, ಸರ್ಕಾರಿ ನೋಂದಣಿ ಪಡೆದು, ಕೆಲವು ಸಹೋದ್ಯೋಗಿಗಳ ಜತೆ ಸೇರಿ ಸ್ವಂತ ಕಚೇರಿ ನಡೆಸುವ ಸ್ವತಂತ್ರ ವೃತ್ತಿಗಾರ್ತಿಯರು. ಗರ್ಭ ತೊಂದರೆಯಿಲ್ಲದೆ ಬೆಳೆಯುತ್ತಿರುವಷ್ಟು ಕಾಲ ಬಸುರಿಯ ಹೊಣೆ ಪೂರ್ತಿ ಅವರದೇ. ಹೆರಿಗೆ ಮಾಡಿಸುವವರೂ ಅವರೇ, ಬಾಣಂತಿಯನ್ನು ಮನೆಗೆ ಬಂದು ನೋಡುವವರೂ ಅವರೇ.

ಇಂಥ ಹೆರಿಗೆಗಳಲ್ಲಿ ಗಣನೀಯ ಪಾಲು ಇವತ್ತಿಗೂ ಮನೆಯಲ್ಲೇ ಆಗುತ್ತದೆ. ಈಚಿನ ವರ್ಷಗಳಲ್ಲಿ ಆ ದೇಶದ ಸುಮಾರು ಏಳು ಹೆರಿಗೆಗಳಲ್ಲಿ ಒಂದು ಮನೆಯ ಮಂಚದ ಮೇಲೆ ನಡೆದಿದೆ. ಪಕ್ಕದ ಇಂಗ್ಲೆಂಡಿನಲ್ಲಿ ಈ ಪ್ರಮಾಣ ನೂರಕ್ಕೆ ಎರಡರ ಆಸುಪಾಸು. ಸಿರಿವಂತ ದೇಶ, ಊರೂರಿಗೂ ಒಳ್ಳೆಯ ಆಸ್ಪತ್ರೆ, ಎಲ್ಲರಿಗೂ ಆರೋಗ್ಯ ವಿಮೆ. ಇಷ್ಟಿದ್ದೂ ಅಲ್ಲಿ ಮನೆ ಹೆರಿಗೆ ಉಳಿದುಕೊಂಡಿದೆ. ಬಡತನದಿಂದಲೋ ದೂರದಿಂದಲೋ ಹುಟ್ಟಿದ ಅನಿವಾರ್ಯತೆ ಅದಲ್ಲ. ನೂರೈವತ್ತು ವರ್ಷಗಳಲ್ಲಿ ಕಾನೂನು, ಶಾಲೆ, ವಿಮೆ, ಆಸ್ಪತ್ರೆಗಳನ್ನು ಒಂದಕ್ಕೊಂದು ಬಿಗಿದು ಕಟ್ಟಿದ ವ್ಯವಸ್ಥೆ ಅದು.

ಡಚ್ ಸೂಲಗಿತ್ತಿಯರ ಪರಂಪರೆ ಹಳೆಯದು. ಅದರಲ್ಲಿ ಎದ್ದು ಕಾಣುವ ಹೆಸರು ಕ್ಯಾಥರೀನಾ ಶ್ರಾಡರ್. 1656ರಲ್ಲಿ ಜರ್ಮನಿಯ ಬೆಂಟ್‌ಹೈಮ್‌ನಲ್ಲಿ ಹುಟ್ಟಿದ ಈಕೆಯ ಗಂಡ ಶಸ್ತ್ರವೈದ್ಯ. ಉತ್ತರದ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಆತ ತೀರಿಕೊಂಡಾಗ ಮಕ್ಕಳನ್ನು ಸಾಕುವ ಭಾರ ಅವಳ ಮೇಲೆ ಬಿತ್ತು. 1693ರ ಚಳಿಗಾಲದಲ್ಲಿ ಆಕೆ ಹೆರಿಗೆ ಮಾಡಿಸಲು ಹೊರಟಳು. ಆಮೇಲೆ ಡೊಕ್ಕುಮ್ ಪಟ್ಟಣಕ್ಕೆ ಬಂದು ನೆಲೆಸಿ, 1745ರವರೆಗೆ, ಎಂಬತ್ತೆಂಟರ ವಯಸ್ಸಿನ ತನಕ, ಆ ಕೆಲಸ ಬಿಡಲಿಲ್ಲ. ಪ್ರತಿ ಹೆರಿಗೆಯನ್ನೂ ಆಕೆ ಪುಸ್ತಕದಲ್ಲಿ ಬರೆದಿಟ್ಟಳು: ಯಾರ ಮನೆ, ಗಂಡೋ ಹೆಣ್ಣೋ, ಮಗು ಹೇಗೆ ಬಂತು, ಕೈಗೆ ಎಷ್ಟು ಹಣ ಬಂತು. ಹೀಗೆ ದಾಖಲಾದವು ಮೂರು ಸಾವಿರಕ್ಕೂ ಹೆಚ್ಚು ಹೆರಿಗೆಗಳು. ಮುಪ್ಪಿನಲ್ಲಿ ಹಳೆಯ ಪುಸ್ತಕಗಳನ್ನು ತಿರುವಿ, ಕಷ್ಟದ ಹೆರಿಗೆಗಳನ್ನಷ್ಟೇ ಆರಿಸಿ, ಮುಂದಿನವರು ಕಲಿಯಲೆಂದು ಬೇರೆಯಾಗಿ ಬರೆದಳು. ಸೂಲಗಿತ್ತಿಯೆಂದರೆ ಅಕ್ಷರ ಬಾರದ ಮುದುಕಿ, ಅವಳ ವಿದ್ಯೆ ಕೈಯಿಂದ ಕೈಗೆ ಮಾತ್ರ ಹೋಗುವಂಥದು ಎಂದು ನಂಬಿರುವವರು ಈ ಹೆಂಗಸಿನ ಪುಸ್ತಕಗಳ ವಿಷಯ ತಿಳಿದಿರಬೇಕು.

ಆಧುನಿಕ ವ್ಯವಸ್ಥೆಗೆ ತಳಪಾಯ ಬಿದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1861ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸರ್ಕಾರಿ ಸೂಲಗಿತ್ತಿ ಶಾಲೆ ಶುರುವಾಯಿತು. 1865ರ ವೈದ್ಯಕೀಯ ಕಾನೂನು ಸಹಜ ಹೆರಿಗೆಯನ್ನು ಸ್ವಂತ ಹೊಣೆಯ ಮೇಲೆ ಮಾಡಿಸುವ ಹಕ್ಕನ್ನು ಸೂಲಗಿತ್ತಿಗೆ ಕೊಟ್ಟಿತು. ಜತೆಗೇ ಗೆರೆಯನ್ನೂ ಎಳೆಯಿತು: ಇಕ್ಕಳ ಹಾಕಿ ಮಗುವನ್ನು ಎಳೆಯುವಂಥ ಕೆಲಸ ಅವಳದಲ್ಲ, ವೈದ್ಯನದು. ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವೈದ್ಯರು ಸೂಲಗಿತ್ತಿಯರನ್ನು ಕೊಳಕರು, ಅಜ್ಞಾನಿಗಳು ಎಂದು ಜರೆದು ಬದಿಗೆ ಸರಿಸಿದರು. ನೆದರ್‌ಲೆಂಡ್ಸ್‌ನಲ್ಲಿ ಹಾಗಾಗದಂತೆ ತಡೆದದ್ದು ಈ ಗೆರೆಯೇ. ಇಬ್ಬರ ಕೆಲಸವೂ ಕಾನೂನಿನಲ್ಲೇ ಬೇರೆಬೇರೆಯಾಗಿ ಬರೆದಿತ್ತು. 1941ರಲ್ಲಿ ವಿಮಾ ನಿಧಿಯ ವ್ಯವಸ್ಥೆ ಬಂದಾಗ ಇನ್ನೊಂದು ಬಲ ಸೇರಿತು. ಊರಲ್ಲಿ ಸೂಲಗಿತ್ತಿ ಇದ್ದರೆ ಸಹಜ ಹೆರಿಗೆಗೆ ವಿಮೆಯ ಹಣ ಅವಳಿಗೇ ಹೋಗುತ್ತಿತ್ತು, ಊರ ವೈದ್ಯನಿಗಲ್ಲ.

ಹಣದ ಆಸರೆ ಸಿಕ್ಕಿತು. ವಿಜ್ಞಾನದ ಆಸರೆ ಕೊಟ್ಟವರು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪ್ರಸೂತಿ ಶಾಸ್ತ್ರದ ಪ್ರಾಧ್ಯಾಪಕ ಗೆರಿಟ್ ಯಾನ್ ಕ್ಲೋಸ್ಟರ್‌ಮನ್. ಆರೋಗ್ಯವಂತ ಹೆಂಗಸಿನ ಹೆರಿಗೆಯಲ್ಲಿ ಕಾರಣವಿಲ್ಲದೆ ಕೈಯಾಡಿಸುವುದೇ ಅಪಾಯ ಎಂದು ಆತ ವಾದಿಸಿದರು. ಹಾಗೆಂದು ಎಲ್ಲರೂ ಮನೆಯಲ್ಲೇ ಹೆರಲಿ ಎನ್ನಲಿಲ್ಲ. ಯಾವ ಬಸುರಿಯನ್ನು ಆಸ್ಪತ್ರೆಗೆ ಕಳಿಸಲೇಬೇಕು ಎಂಬುದಕ್ಕೆ ಪಟ್ಟಿ ಮಾಡಿದರು. ಬಹಳ ಕಾಲ ಅವರ ಹೆಸರಿನಲ್ಲೇ ಬಳಕೆಯಲ್ಲಿದ್ದ ಆ ಪಟ್ಟಿ ಮುಂದೆ ಸೂಲಗಿತ್ತಿಯರು, ಪ್ರಸೂತಿ ತಜ್ಞರು, ಕುಟುಂಬ ವೈದ್ಯರು ಕೂಡಿ ಪರಿಷ್ಕರಿಸಿದ ರಾಷ್ಟ್ರೀಯ ಕೈಪಿಡಿಯಾಯಿತು.

ಈ ಪಟ್ಟಿಯೇ ಇಡೀ ವ್ಯವಸ್ಥೆಯ ಬೆನ್ನೆಲುಬು. ಅವಳಿ ಮಕ್ಕಳು, ತಲೆ ಮೇಲಾಗಿ ಕುಳಿತ ಮಗು, ಹಿಂದೆ ಸಿಸೇರಿಯನ್ ಆಗಿರುವುದು, ಇನ್ಸುಲಿನ್ ಬೇಕಾಗುವ ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ, ಹಿಂದಿನ ಹೆರಿಗೆಯಲ್ಲಿ ಒಂದು ಲೀಟರಿಗಿಂತ ಹೆಚ್ಚು ರಕ್ತ ಹೋಗಿರುವುದು: ಇವುಗಳಲ್ಲಿ ಯಾವುದಿದ್ದರೂ ಮನೆಯಲ್ಲಿ ಹೆರಿಗೆಯಿಲ್ಲ. ತಿಂಗಳು ತುಂಬುವ ಮೊದಲು, ಅಂದರೆ 37 ವಾರಕ್ಕೆ ಮುಂಚೆ ನೋವು ಬಂದರೆ ಆಸ್ಪತ್ರೆ. 42 ವಾರ ದಾಟಿದರೂ ಆಸ್ಪತ್ರೆ. ಸೂಲಗಿತ್ತಿಯ ಅತಿ ದೊಡ್ಡ ಕೆಲಸ ಹೆರಿಗೆ ಮಾಡಿಸುವುದಕ್ಕಿಂತ ಈ ಜರಡಿ ಹಿಡಿಯುವುದು. ಒಂಬತ್ತು ತಿಂಗಳು ಆಕೆ ಮಾಡುವ ಪ್ರತಿ ತಪಾಸಣೆಯ ಹಿಂದೆಯೂ ಒಂದೇ ಪ್ರಶ್ನೆಯಿರುತ್ತದೆ: ಇವಳು ಇನ್ನೂ ನನ್ನ ಕೈಯಲ್ಲೇ ಇರಬಹುದೇ, ಅಥವಾ ತಜ್ಞರಿಗೆ ಒಪ್ಪಿಸಬೇಕೇ?

ತಪಾಸಣೆ ಮೊದಲು ತಿಂಗಳಿಗೊಮ್ಮೆ, ದಿನ ಹತ್ತಿರವಾದಂತೆ ವಾರಕ್ಕೊಮ್ಮೆ. ಮೊದಲ ಭೇಟಿಯಲ್ಲಿ ಅವಳ ಮತ್ತು ಅವಳ ಮನೆತನದ ಕಾಯಿಲೆಗಳ ವಿಚಾರ, ರಕ್ತ ಪರೀಕ್ಷೆ, ದಿನ ಗೊತ್ತುಮಾಡುವ ಸ್ಕ್ಯಾನ್. ಇಪ್ಪತ್ತನೆಯ ವಾರದಲ್ಲಿ ಮಗುವಿನ ಅಂಗಾಂಗ ನೋಡುವ ಸ್ಕ್ಯಾನ್. ಉಳಿದ ಭೇಟಿಗಳಲ್ಲಿ ರಕ್ತದೊತ್ತಡ ನೋಡಿ, ಸೂಲಗಿತ್ತಿ ಕೈಗಳಿಂದಲೇ ಹೊಟ್ಟೆ ಓದುತ್ತಾಳೆ. ಗರ್ಭಚೀಲದ ತುದಿ ಹೊಕ್ಕುಳಿನಿಂದ ಎಷ್ಟು ಮೇಲೇರಿದೆ, ಬೆನ್ನು ಯಾವ ಮಗ್ಗುಲಿಗಿದೆ, ತಲೆ ಕೆಳಗಿಳಿದಿದೆಯೋ ಇನ್ನೂ ತೇಲುತ್ತಿದೆಯೋ ಎಂದು ಎರಡೂ ಅಂಗೈ ಒತ್ತಿ ನೋಡುತ್ತಾಳೆ. ಆಮೇಲೆ ಡಾಪ್ಲರ್ ಇಟ್ಟು ಮಗುವಿನ ಎದೆಬಡಿತ ಕೇಳಿಸುತ್ತಾಳೆ. ಇಷ್ಟಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಉಳಿದ ಸಮಯ ಮಾತಿಗೆ: ನಿದ್ದೆ, ಊಟ, ಗಂಡನ ಕೆಲಸ, ಹೆರಿಗೆಯ ಭಯ. ಒಂದು ಕಚೇರಿಯಲ್ಲಿ ಕೆಲವೇ ಸೂಲಗಿತ್ತಿಯರು ಇರುವುದರಿಂದ ದಿನ ತುಂಬುವುದರೊಳಗೆ ಬಸುರಿ ಅವರೆಲ್ಲರನ್ನೂ ಕಂಡಿರುತ್ತಾಳೆ. ನಡುರಾತ್ರಿ ನೋವು ಬಂದಾಗ ಬಾಗಿಲು ತಟ್ಟುವವಳು ಅಪರಿಚಿತಳಾಗಿರುವುದಿಲ್ಲ.

ತೊಂದರೆ ಇಲ್ಲದವಳಿಗೆ ಎಲ್ಲಿ ಹೆರಬೇಕೆಂಬ ಆಯ್ಕೆ ಅವಳದೇ. ಮನೆಯಲ್ಲಿ ಹೆರಬಹುದು, ಹೆರಿಗೆ ಕೇಂದ್ರಕ್ಕೆ ಹೋಗಬಹುದು, ಆಸ್ಪತ್ರೆಯ ಕೋಣೆಯೊಂದರಲ್ಲಿ ಅದೇ ಸೂಲಗಿತ್ತಿಯ ಕೈಯಲ್ಲೇ ಹೆರಬಹುದು. ಮನೆ ಹೆರಿಗೆಯ ಪೂರ್ತಿ ಖರ್ಚು ವಿಮೆಯದು. ವೈದ್ಯಕೀಯ ಕಾರಣವಿಲ್ಲದೆ ಆಸ್ಪತ್ರೆಯ ಕೋಣೆ ಕೇಳಿದರೆ ಕೈಯಿಂದ ಒಂದಿಷ್ಟು ಹಣ ತೆರಬೇಕು. ಈ ಅಂಶ ಮಾತ್ರ ಒಪ್ಪತಕ್ಕದ್ದಲ್ಲ. ಆಯ್ಕೆ ಎಂದು ಹೇಳಿ ಒಂದು ದಾರಿಗೆ ಸುಂಕ ಇಟ್ಟರೆ, ಹಣದ ಮುಗ್ಗಟ್ಟಿನ ಮನೆಗಳಲ್ಲಿ ಅದು ಆಯ್ಕೆಯಾಗಿ ಉಳಿಯುವುದಿಲ್ಲ.

ಮನೆಯಲ್ಲೇ ಎಂದು ನಿರ್ಧಾರವಾದರೆ ಸಿದ್ಧತೆ ವಾರಗಳ ಮುಂಚೆಯೇ ನಡೆಯುತ್ತದೆ. ಹೀರುವ ಪ್ಯಾಡು, ಹತ್ತಿ, ಹೊಕ್ಕುಳ ಬಳ್ಳಿಗೆ ಕ್ಲಿಪ್ಪು, ಸೋಂಕು ನಿವಾರಕ ತುಂಬಿದ ಪೆಟ್ಟಿಗೆ ಮನೆಗೆ ಬರುತ್ತದೆ. ಬಹುಪಾಲು ವಿಮಾ ಕಂಪನಿಗಳು ಇದನ್ನು ಬಿಟ್ಟಿಯಾಗಿ ಕಳಿಸುತ್ತವೆ. ಮಂಚದ ನಾಲ್ಕು ಕಾಲಿಗೂ ದಿಮ್ಮಿ ಕೊಟ್ಟು ಹಾಸಿಗೆಯನ್ನು ಸೊಂಟದ ಮಟ್ಟಕ್ಕೆ, ಸುಮಾರು 70–80 ಸೆಂಟಿಮೀಟರ್ ಎತ್ತರಕ್ಕೆ ಏರಿಸಬೇಕು. ಬಗ್ಗಿ ಬಗ್ಗಿ ಕೆಲಸ ಮಾಡಿ ಸೂಲಗಿತ್ತಿಯ ಮತ್ತು ಬಾಣಂತನ ಮಾಡುವವಳ ಬೆನ್ನು ಮುರಿಯಬಾರದೆಂದು ಈ ನಿಯಮ. ಹಸುಗೂಸಿನ ಹಾಸಿಗೆ ಬೆಚ್ಚಗಿಡಲು ಬಿಸಿನೀರು ತುಂಬುವ ಲೋಹದ ಬಾಟಲಿ. ಮೆಟ್ಟಿಲು ತೀರ ಕಡಿದಾಗಿದ್ದರೆ, ತುರ್ತಿನಲ್ಲಿ ಬಸುರಿಯನ್ನು ಕೆಳಗಿಳಿಸುವುದು ಹೇಗೆ ಎಂಬುದೂ ಮೊದಲೇ ಯೋಚಿಸಬೇಕಾದ ವಿಷಯ.

ನೋವು ಬಿಗಿಯಾದಾಗ ಫೋನ್ ಹೋಗುತ್ತದೆ. ಸೂಲಗಿತ್ತಿ ಚೀಲದೊಂದಿಗೆ ಬರುತ್ತಾಳೆ. ಅದರಲ್ಲಿ ಡಾಪ್ಲರ್, ರಕ್ತದೊತ್ತಡ ನೋಡುವ ಸಾಧನ, ಆಕ್ಸಿಜನ್, ಉಸಿರು ಹಿಡಿಯದ ಮಗುವಿಗೆ ಗಾಳಿ ಕೊಡುವ ಮಾಸ್ಕು, ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದು, ಡ್ರಿಪ್, ಹೊಲಿಗೆ ಸಾಮಾನು. ಬಸುರಿ ನಡೆದಾಡಬಹುದು, ಬಿಸಿನೀರಿನ ಕೆಳಗೆ ನಿಲ್ಲಬಹುದು, ಕುದುರೆ ಲಾಳದಂತೆ ಬಾಗಿದ ಹೆರಿಗೆ ಸ್ಟೂಲಿನ ಮೇಲೆ ಕೂರಬಹುದು. ಮೊದಲ ಹಂತದಲ್ಲಿ ಸೂಲಗಿತ್ತಿ ಮಾಡುವ ಕೆಲಸ ನೋಡಲಿಕ್ಕೆ ಕಡಿಮೆ. ಆಗಾಗ ಮಗುವಿನ ಎದೆಬಡಿತ ಕೇಳುವುದು, ಗರ್ಭಕಂಠ ಎಷ್ಟು ತೆರೆದಿದೆ ನೋಡುವುದು, ಸೊಂಟಕ್ಕೆ ಕೈ ಒತ್ತುವುದು, ಸುಮ್ಮನೆ ಪಕ್ಕದಲ್ಲಿರುವುದು. ಈ ಪಕ್ಕದಲ್ಲಿರುವಿಕೆಗೆ ಬೆಲೆ ಕಟ್ಟಲು ಆಸ್ಪತ್ರೆಗಳ ಲೆಕ್ಕಪತ್ರದಲ್ಲಿ ಕಲಮೇ ಇಲ್ಲ. ನೋವು ತಿನ್ನುವವಳಿಗೆ ಮಾತ್ರ ಅದರ ಬೆಲೆ ಚೆನ್ನಾಗಿ ಗೊತ್ತು.

ಎಲ್ಲವೂ ಮನೆಯಲ್ಲೇ ಮುಗಿಯುತ್ತದೆ ಎಂದುಕೊಳ್ಳುವುದು ತಪ್ಪು. ಮನೆಯಲ್ಲಿ ಹೆರಲು ಹೊರಟ ಚೊಚ್ಚಲು ಬಸುರಿಯರಲ್ಲಿ ಅರ್ಧದ ಹತ್ತಿರದಷ್ಟು ಮಂದಿಯನ್ನು ಹೆರಿಗೆಯ ನಡುವೆ ಆಸ್ಪತ್ರೆಗೆ ಒಪ್ಪಿಸಬೇಕಾಗುತ್ತದೆ. ಹಿಂದೆ ಹೆತ್ತವರಲ್ಲಿ ಈ ಸಂಖ್ಯೆ ತೀರ ಕಡಿಮೆ. ಸಾಮಾನ್ಯ ಕಾರಣಗಳು ಮೂರು: ಹೆರಿಗೆ ಮುಂದೆ ಸಾಗದಿರುವುದು, ಮಗು ಒಳಗೇ ಮಲ ವಿಸರ್ಜಿಸಿ ನೀರು ಹಸಿರಾಗಿರುವುದು, ನೋವು ತಡೆಯಲಾರದೆ ಬೆನ್ನಿಗೆ ಅರಿವಳಿಕೆ ಬೇಕೆನ್ನುವುದು. ಹೆಚ್ಚಿನವರು ಸ್ವಂತ ಕಾರಿನಲ್ಲಿ, ಗಾಬರಿಯಿಲ್ಲದೆ ಹೋಗುತ್ತಾರೆ. ನಿಜವಾದ ತುರ್ತು ವಿರಳ. ಅಂಥ ಹೊತ್ತಿಗೆಂದು ಆಂಬುಲೆನ್ಸ್ ಕರೆದ 15 ನಿಮಿಷದಲ್ಲಿ ಬಾಗಿಲಿಗೆ ಬರಬೇಕೆಂಬ ರಾಷ್ಟ್ರೀಯ ಮಾನದಂಡವಿದೆ. ಇಲ್ಲಿ ಭೂಗೋಳವೂ ಕೈಹಿಡಿದಿದೆ. ಕರ್ನಾಟಕದ ಕಾಲು ಭಾಗಕ್ಕಿಂತ ಕಿರಿದಾದ, ಬೆಟ್ಟವಿಲ್ಲದ, ಒಳ್ಳೆಯ ರಸ್ತೆಗಳ ದೇಶ ಅದು. ಆಸ್ಪತ್ರೆ ತಲುಪಿದ ಮೇಲೆ ತಜ್ಞರು ಸೂಲಗಿತ್ತಿಯನ್ನು ಗದರಿಸುವುದಿಲ್ಲ, ಅವಳು ತಂದ ಟಿಪ್ಪಣಿ ಓದುತ್ತಾರೆ. ಒಪ್ಪಿಸುವುದು ಸೋಲೆಂದು ಎಣಿಸುವ ಕಡೆ ಸೂಲಗಿತ್ತಿ ತಡಮಾಡುತ್ತಾಳೆ. ತಡವಾದರೆ ಜೀವ ಹೋಗುತ್ತದೆ. ಡಚ್ ವ್ಯವಸ್ಥೆಯಲ್ಲಿ ಕಲಿಯತಕ್ಕ ಮೊದಲ ವಿಷಯ ಇದೇ.

ಹೆರಿಗೆಯಾದ ಮೇಲೆ ಬರುವವಳು ಬಾಣಂತನದ ಸಹಾಯಕಿ. ಅವಳು ಮಾಡುವ ಆರೈಕೆಯನ್ನು ಡಚ್ಚರು ಕ್ರಾಮ್‌ಜೋರ್ಖ್ ಎನ್ನುತ್ತಾರೆ. ಇಡೀ ಜಗತ್ತಿನಲ್ಲಿ ಇಂಥ ಸೌಲಭ್ಯ ಬೇರೆ ಕಡೆ ಕಾಣುವುದು ಅಪರೂಪ. ಹೆರಿಗೆ ಎಲ್ಲೇ ಆಗಲಿ, ಮನೆಗೆ ಬಂದ ಬಾಣಂತಿಗೆ ಮೊದಲ ಎಂಟು ದಿನ ತರಬೇತಾದ ಹೆಂಗಸೊಬ್ಬಳು ದಿನಕ್ಕೆ ಕೆಲವು ಗಂಟೆ ಬಂದಿರುತ್ತಾಳೆ. ಕನಿಷ್ಠ 24 ಗಂಟೆಯ ಆರೈಕೆ ಎಲ್ಲರಿಗೂ ಉಂಟು. ಅಗತ್ಯ ಹೆಚ್ಚಿದ್ದರೆ ಗಂಟೆಗಳೂ ಹೆಚ್ಚುತ್ತವೆ. ಖರ್ಚಿನ ಬಹುಪಾಲು ವಿಮೆಯದು, ಗಂಟೆಗೆ ಚಿಕ್ಕ ಮೊತ್ತ ಮನೆಯವರದು. ಆಕೆ ಮಗುವಿನ ಜ್ವರ ನೋಡುತ್ತಾಳೆ, ತೂಗುತ್ತಾಳೆ, ಮೊಲೆ ಹಿಡಿಸಲು ಕಲಿಸುತ್ತಾಳೆ, ಹೊಲಿಗೆ ನೋಡುತ್ತಾಳೆ, ಗರ್ಭಚೀಲ ಕುಗ್ಗುತ್ತಿದೆಯೇ ಎಂದು ಹೊಟ್ಟೆ ಮುಟ್ಟಿ ನೋಡಿ ಪುಸ್ತಕದಲ್ಲಿ ಬರೆಯುತ್ತಾಳೆ. ಬಟ್ಟೆ ಒಗೆಯುತ್ತಾಳೆ, ಬಚ್ಚಲು ತೊಳೆಯುತ್ತಾಳೆ, ಬಂದ ನೆಂಟರಿಗೆ ಸೋಂಪಿನ ಸಕ್ಕರೆ ಗುಳಿಗೆ ಉದುರಿಸಿದ ರಸ್ಕು ಕೊಡುತ್ತಾಳೆ, ಬಾಣಂತಿ ದಣಿದಾಗ ಅದೇ ನೆಂಟರನ್ನು ಎಬ್ಬಿಸಿ ಕಳಿಸುತ್ತಾಳೆ. ಸೂಲಗಿತ್ತಿ ಈ ದಿನಗಳಲ್ಲಿ ಹಲವು ಸಲ ಬಂದುಹೋಗುತ್ತಾಳೆ. ಮಗುವಿನ ಹಿಮ್ಮಡಿಯಿಂದ ತೆಗೆಯುವ ರಕ್ತದ ಪರೀಕ್ಷೆಯೂ ಮನೆಯಲ್ಲೇ. ತವರಿನ ಬಾಣಂತನ ಕಂಡ ಕನ್ನಡ ಓದುಗರಿಗೆ ಇದರ ಮಹತ್ವ ವಿವರಿಸಬೇಕಿಲ್ಲ. ಇಲ್ಲಿ ತಾಯಿಮನೆ ಮಾಡುವ ಕೆಲಸಕ್ಕೆ ಅಲ್ಲಿನ ಸರ್ಕಾರ ಒಂದು ಕಸುಬಿನ ರೂಪ ಕೊಟ್ಟು, ತಾಯಿ ಇಲ್ಲದವಳಿಗೂ ವಲಸೆ ಬಂದವಳಿಗೂ ಸಿಗುವಂತೆ ಮಾಡಿದೆ.

ಇಷ್ಟೆಲ್ಲ ಇದ್ದರೂ ಮನೆ ಹೆರಿಗೆ ಸುರಕ್ಷಿತವೇ ಎಂಬ ಪ್ರಶ್ನೆ ನೆದರ್‌ಲೆಂಡ್ಸ್‌ನಲ್ಲೇ ಜೋರಾಗಿ ಎದ್ದಿದೆ. 2003ರಲ್ಲಿ, ಮತ್ತೆ 2008ರಲ್ಲಿ ಪ್ರಕಟವಾದ ಯುರೋಪಿನ ಹೋಲಿಕೆ ವರದಿಗಳಲ್ಲಿ ಹುಟ್ಟುವಾಗಿನ ಶಿಶುಮರಣದ ಪ್ರಮಾಣ ಆ ದೇಶದಲ್ಲಿ ನೆರೆಯವರಿಗಿಂತ ಹೆಚ್ಚಿರುವುದು ಕಂಡು ಬೆಟ್ಟು ಮೊದಲು ಮನೆ ಹೆರಿಗೆಯತ್ತ ತಿರುಗಿತು. 2009ರಲ್ಲಿ ಆಂಕ್ ಡಿ ಯೊಂಗೆ ಮತ್ತು ಸಂಗಡಿಗರು 2000ದಿಂದ 2006ರವರೆಗಿನ ದಾಖಲೆಗಳನ್ನು ಜಾಲಾಡಿ, ಅಪಾಯ ಕಡಿಮೆಯಿದ್ದ 5,29,688 ಹೆಂಗಸರ ಹೆರಿಗೆಗಳನ್ನು ಹೋಲಿಸಿದರು. ಮನೆಯಲ್ಲಿ ಹೆರಲು ನಿಶ್ಚಯಿಸಿದವರ ಮತ್ತು ಆಸ್ಪತ್ರೆ ಆರಿಸಿಕೊಂಡವರ ಮಕ್ಕಳ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಯುಟ್ರೆಕ್ಟ್ ಸಂಶೋಧಕರ ಇನ್ನೊಂದು ಅಧ್ಯಯನ ಸೂಲಗಿತ್ತಿಯರ ಆರೈಕೆಯಲ್ಲಿ ಶುರುವಾದ ಹೆರಿಗೆಗಳ ಬಗ್ಗೆ ಆತಂಕ ವ್ಯಕ್ತಪಡಿಸಿತು. ವಾದ ಇನ್ನೂ ನಿಂತಿಲ್ಲ. ಹೆಂಗಸರು ಮಾತ್ರ ಕ್ರಮೇಣ ಆಸ್ಪತ್ರೆಯತ್ತ ಸರಿಯುತ್ತಿದ್ದಾರೆ. 1960ರ ದಶಕದ ಮಧ್ಯದಲ್ಲಿ ಮೂರರಲ್ಲಿ ಎರಡರಷ್ಟಿದ್ದ ಮನೆ ಹೆರಿಗೆ, 2000ದ ಸುಮಾರಿಗೆ ನೂರಕ್ಕೆ 30ಕ್ಕೆ ಇಳಿದು, ಆಮೇಲೆ ಅದರ ಅರ್ಧಕ್ಕೆ ಬಂದಿದೆ. ಅರಿವಳಿಕೆಯ ಬೇಡಿಕೆ ಹೆಚ್ಚಿದ್ದು ಇದಕ್ಕೊಂದು ಮುಖ್ಯ ಕಾರಣ.

ಇಂಗ್ಲೆಂಡಿನ ಅನುಭವ ಇನ್ನೊಂದು ಮುಖ ತೋರಿಸುತ್ತದೆ. 2011ರಲ್ಲಿ ಪ್ರಕಟವಾದ ಅಲ್ಲಿನ ದೊಡ್ಡ ಅಧ್ಯಯನವೊಂದು 64,538 ಹೆರಿಗೆಗಳನ್ನು ನೋಡಿತು. ಎರಡನೆಯ ಅಥವಾ ಮುಂದಿನ ಹೆರಿಗೆಗೆ ಮನೆ, ಆಸ್ಪತ್ರೆಯಷ್ಟೇ ಸುರಕ್ಷಿತ. ಚೊಚ್ಚಲು ಹೆರಿಗೆಯಲ್ಲಿ ಮಗುವಿಗೆ ತೀವ್ರ ತೊಂದರೆಯಾದ ಪ್ರಮಾಣ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ 9.3. ಎರಡೂ ಚಿಕ್ಕ ಸಂಖ್ಯೆಗಳೇ, ಆದರೆ ವ್ಯತ್ಯಾಸವನ್ನು ಮುಚ್ಚಿಡುವಂತಿಲ್ಲ. ಮನೆ ಹೆರಿಗೆಯ ಪರ ಮಾತನಾಡುವವರು ಈ ಅಂಕಿಯನ್ನು ಚೊಚ್ಚಲು ಬಸುರಿಗೆ ತಾವಾಗಿಯೇ ಹೇಳಬೇಕು.

ಇಂಗ್ಲೆಂಡಿನಲ್ಲಿ ಮನೆಗೆ ಬರುವ ಸೂಲಗಿತ್ತಿಯರು ಬಹುಪಾಲು ಸರ್ಕಾರಿ ಆರೋಗ್ಯ ಸೇವೆಯವರು. ಅದರ ಹೊರಗೆ, ಬಸುರಿಯಿಂದ ನೇರವಾಗಿ ಹಣ ಪಡೆದು ದುಡಿಯುವ ಸ್ವತಂತ್ರ ಸೂಲಗಿತ್ತಿಯರು ಕೆಲವೇ ಮಂದಿ. ಹೆರಿಗೆಯಲ್ಲಿ ಮಗುವಿಗೆ ಹಾನಿಯಾದರೆ ಕೊಡಬೇಕಾದ ಪರಿಹಾರದ ಮೊತ್ತ ಅಗಾಧವಾದ್ದರಿಂದ ಅವರಿಗೆ ವಿಮೆ ಕೊಡಲು ಕಂಪನಿಗಳು ಹಿಂದೇಟು ಹಾಕಿದವು. 2014ರಲ್ಲಿ ಕಾನೂನು ವಿಮೆಯನ್ನು ಕಡ್ಡಾಯ ಮಾಡಿತು. 2017ರ ಜನವರಿಯಲ್ಲಿ ನರ್ಸಿಂಗ್ ಮತ್ತು ಸೂಲಗಿತ್ತಿಯರ ನಿಯಂತ್ರಣ ಮಂಡಳಿ ಅವರ ಸಂಘದ ವಿಮಾ ಏರ್ಪಾಟು ಸಾಲದೆಂದು ತೀರ್ಪು ಕೊಟ್ಟಾಗ ಸುಮಾರು 80 ಸೂಲಗಿತ್ತಿಯರು ಹೆರಿಗೆ ಮಾಡಿಸುವಂತಿಲ್ಲವಾಯಿತು. ಅವರನ್ನೇ ನೆಚ್ಚಿ ದಿನ ಎಣಿಸುತ್ತಿದ್ದ ಬಸುರಿಯರು ಏಕಾಏಕಿ ಬೇರೆ ದಾರಿ ಹುಡುಕಬೇಕಾಯಿತು. ವಿಮೆ ಬೇಕು, ನಿಜ. ಆದರೆ ಅದನ್ನು ಒದಗಿಸುವ ಹೊಣೆ ಹೊರದೆ ಬೇಕೇ ಬೇಕೆಂದರೆ ಕಸುಬೇ ನಿಂತುಹೋಗುತ್ತದೆ. ನ್ಯೂಜಿಲೆಂಡ್ ಬೇರೆ ದಾರಿ ಹಿಡಿಯಿತು. 1990ರ ಕಾನೂನು ಸೂಲಗಿತ್ತಿಯರನ್ನು ವೈದ್ಯರ ಮೇಲ್ವಿಚಾರಣೆಯಿಂದ ಬಿಡಿಸಿತು. ಸರ್ಕಾರವೇ ಅವರ ಸಂಭಾವನೆ ಕೊಡುತ್ತದೆ. ಅಲ್ಲಿನ ಬಸುರಿಯರಲ್ಲಿ ಬಹುಪಾಲು ಮಂದಿ ಇಂದು ಸೂಲಗಿತ್ತಿಯನ್ನೇ ಮುಖ್ಯ ಆರೈಕೆದಾರಳಾಗಿ ಆರಿಸಿಕೊಳ್ಳುತ್ತಾರೆ. ಹೆರುವುದು ಮಾತ್ರ ಹೆಚ್ಚಿನವರು ಆಸ್ಪತ್ರೆಯಲ್ಲಿ.

ಜಾಗಕ್ಕಿಂತ ಜನ ಮುಖ್ಯ ಎಂದು ಅಧ್ಯಯನಗಳೂ ಹೇಳುತ್ತವೆ. ಬಸುರಿನಿಂದ ಬಾಣಂತನದವರೆಗೆ ಗುರುತಿನ ಸೂಲಗಿತ್ತಿಯರೇ ನೋಡಿಕೊಂಡ ಕಡೆ ಏನಾಗುತ್ತದೆ ಎಂದು ಕಾಕ್ರನ್ ಸಂಸ್ಥೆಯ 2016ರ ವಿಮರ್ಶೆ 15 ಪ್ರಯೋಗಗಳ 17,674 ಹೆಂಗಸರ ವಿವರ ಸೇರಿಸಿ ನೋಡಿತು. ಅವಧಿಗೆ ಮುಂಚಿನ ಹೆರಿಗೆ ಕಡಿಮೆಯಾಗಿತ್ತು, ಇಕ್ಕಳದ ಬಳಕೆ ಕಡಿಮೆಯಾಗಿತ್ತು, ತಾಯಂದಿರ ತೃಪ್ತಿ ಹೆಚ್ಚಿತ್ತು. ಆ ಹೆರಿಗೆಗಳು ನಡೆದದ್ದು ಹೆಚ್ಚಾಗಿ ಆಸ್ಪತ್ರೆಗಳಲ್ಲೇ.

ಕರ್ನಾಟಕದ ಕಥೆ ಇದಕ್ಕೆ ತಿರುವುಮುರುವು. ಇಲ್ಲಿ ಸೂಲಗಿತ್ತಿ ಇದ್ದಳು, ಅವಳ ಬೆನ್ನಿಗೆ ವ್ಯವಸ್ಥೆಯಿರಲಿಲ್ಲ. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ಅಜ್ಜಿಯಿಂದ ವಿದ್ಯೆ ಕಲಿತು, 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಬಯಸದೆ ಮಾಡಿಸಿದರೆಂದು ನಾಡು ಕೊಂಡಾಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅಂಥ ಕೈಗಳಿಗೂ ರಕ್ತ ಕೊಡುವ, ಶಸ್ತ್ರಕ್ರಿಯೆ ಮಾಡುವ ಆಸ್ಪತ್ರೆಯ ನೆರವು ಬೇಕಾದ ಹೊತ್ತಿಗೆ ಹತ್ತಿರವಿರಲಿಲ್ಲ. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಕ್ಕೆ 2001–03ರಲ್ಲಿ 228ರಷ್ಟಿದ್ದ ತಾಯಂದಿರ ಸಾವು 2018–20ರಲ್ಲಿ 69ಕ್ಕೆ ಇಳಿದದ್ದು ಆಸ್ಪತ್ರೆ, ಆಶಾ ಕಾರ್ಯಕರ್ತೆ, 108 ಆಂಬುಲೆನ್ಸ್ ಬಂದ ಮೇಲೆ. ಈ ಗಳಿಕೆಯನ್ನು ಮರೆತು ಮನೆ ಹೆರಿಗೆಯ ಹಂಬಲಕ್ಕೆ ಬೀಳುವುದು ಅಪಾಯ. ಯೂಟ್ಯೂಬ್ ನೋಡಿ ಮನೆಯಲ್ಲೇ ಹೆರಲು ಹೋಗುವುದಂತೂ ಮೇಲೆ ಹೇಳಿದ ಯಾವ ವ್ಯವಸ್ಥೆಗೂ ಸಂಬಂಧವಿಲ್ಲದ ಹುಂಬತನ.

ಆದರೂ ಗಳಿಕೆಯ ಜತೆ ಕಳೆದುಕೊಂಡದ್ದೂ ಇದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಯಲ್ಲಿ ಆಗುತ್ತವೆ, ಸುಮಾರು 31 ಸಿಸೇರಿಯನ್ ಮೂಲಕ. ಡಚ್ಚರಲ್ಲಿ ಸಿಸೇರಿಯನ್ ಪ್ರಮಾಣ ಇದರ ಅರ್ಧದ ಆಸುಪಾಸು. ಒಂಬತ್ತು ತಿಂಗಳು ಒಬ್ಬರು ನೋಡಿ, ಹೆರಿಗೆ ಕೋಣೆಯಲ್ಲಿ ಇನ್ನೊಬ್ಬರು ಸಿಕ್ಕಿ, ಮೂರನೆಯವರು ಮನೆಗೆ ಕಳಿಸುವುದು ಇಲ್ಲಿನ ರೂಢಿ. ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿ ಸೂಲಗಿತ್ತಿ ಸೇವೆಗಳ ಮಾರ್ಗಸೂಚಿ ಹೊರಡಿಸಿ, ಅನುಭವವುಳ್ಳ ನರ್ಸುಗಳಿಗೆ 18 ತಿಂಗಳ ತರಬೇತಿ ಕೊಟ್ಟು, ಸರ್ಕಾರಿ ಆಸ್ಪತ್ರೆಗಳೊಳಗೆ ಅವರೇ ಸಹಜ ಹೆರಿಗೆ ನೋಡಿಕೊಳ್ಳುವ ಘಟಕಗಳನ್ನು ತೆರೆಯಲು ಹೇಳಿದೆ. ಪಕ್ಕದ ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ ಅದಕ್ಕೂ ಮುಂಚೆ, 2011ರಿಂದಲೇ ಇಂಥ ಸೂಲಗಿತ್ತಿಯರನ್ನು ತಯಾರು ಮಾಡುತ್ತಿದೆ. ಕರ್ನಾಟಕಕ್ಕೆ ಬೇಕಿರುವುದು ಈ ದಾರಿ: ಆಸ್ಪತ್ರೆಯ ಸೂರಿನಡಿ, ತಜ್ಞರು ಪಕ್ಕದ ಕೋಣೆಯಲ್ಲಿರುವಾಗ, ಬಸುರಿಯ ಹೆಸರು ಗೊತ್ತಿರುವ ಸೂಲಗಿತ್ತಿ.

ಅದು ಬರುವ ತನಕ ಕಾಯಬೇಕಾಗಿಲ್ಲದ ಒಂದು ಅನುಕೂಲ ಈಗಲೇ ಉಂಟು. ಹೆರಿಗೆ ಕೋಣೆಯಲ್ಲಿ ಬಸುರಿಯ ಜತೆ ಅವಳ ಕಡೆಯ ಒಬ್ಬ ಹೆಂಗಸು ಇರಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ಒಪ್ಪಿಗೆ ಕೊಟ್ಟಿದೆ. ಮನೆಯಲ್ಲಿ ಬಸುರಿ ಇದ್ದರೆ, ದಿನ ತುಂಬುವ ಮೊದಲೇ ಆಸ್ಪತ್ರೆಗೆ ಹೋಗಿ, ಅಮ್ಮನೋ ಅಕ್ಕನೋ ಅತ್ತಿಗೆಯೋ ಯಾರು ಜತೆಗಿರುತ್ತಾರೆ ಎಂದು ಹೇಳಿ, ಅದಕ್ಕೆ ಒಪ್ಪಿಗೆ ಕೇಳಿ ಪಡೆಯಿರಿ.